"ಕೋಳಿ ತಿಂತಂದ್ರ ಕಾಳು ಚಲೋನ ಐತ್ರಿ" ಅನ್ನುವ ಅಂಗಡಿಯವರನ್ನು ನಂಬಬೇಡಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಹಿತ್ತಲಲ್ಲಿ ಜವಾರಿ ಕೋಳಿ, ಗಿರಿರಾಜ ತಳಿಯ ಕೋಳಿ ಸಾಕಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮುಂಗಾರು ಬಿತ್ತನೆ ಮುಗಿದ ಮೇಲೆ "ಕೋಳಿ ಕಾಳು" ಅಂತ ಅಗ್ಗದಲ್ಲಿ ಬರುವ ಗೋವಿನಜೋಳದ (ಮೆಕ್ಕೆಜೋಳ) ಚೀಲ ತರಬೇಡಿ. ಅದು ಔಷಧ ಸವರಿದ ಬಿತ್ತನೆ ಬೀಜ. ಮಾರಾಟವಾಗದೆ ಉಳಿದು ಅವಧಿ ಮುಗಿದದ್ದನ್ನು ತೊಳೆದು, ಒಣಗಿಸಿ, ನುಚ್ಚಿನಲ್ಲಿ ಬೆರೆಸಿ ನಮ್ಮ ತಲೆಗೆ ಕಟ್ಟಿದ್ದಾರೆ.

ದರ ಎಪಿಎಂಸಿಗಿಂತ ಕಡಿಮೆ ಇತ್ತು. ಯಾಕೆ ಅಂತ ಕೇಳಿದ್ದಕ್ಕೆ ಅಂಗಡಿಯವನು "ಹ್ವಾದ ವರ್ಷದ ಮಾಲ್ರೀ, ಗೋಡೌನ್ ಖಾಲಿ ಮಾಡಾಕತ್ತೇವಿ" ಅಂದ. ಕಾಳಿನ ಮೇಲೆ ತೆಳುವಾಗಿ ಗುಲಾಬಿ ಛಾಯೆ ಇದೆಯಲ್ಲ ಅಂದರೆ "ಆ ತಳಿನ ಹಂಗ್ರಿ". ಅಷ್ಟಕ್ಕೂ ಸಮಾಧಾನ ಆಗದಿದ್ದಾಗ ಹೇಳಿದ ಮಾತು ಇದು: "ನಿಮ್ಮ ಕೋಳಿ ಮುಂದ ಒಂದ್ ಹಿಡಿ ಉಗ್ಗಿ ನೋಡ್ರಿ. ಕೆಟ್ಟದ್ದಿದ್ರ ಅವು ಮುಟ್ಟೂದಿಲ್ಲ. ಕೋಳಿ ತಿಂತಂದ್ರ ಕಾಳು ಚಲೋನ ಐತ್ರಿ." ಕೋಳಿಗಳು ಮುಗಿಬಿದ್ದು ತಿಂದವು. ವ್ಯಾಪಾರ ಕುದುರಿತು.

ಈ ಮಾತು ಶುದ್ಧ ಸುಳ್ಳು, ಹೇಳುವವನಿಗೂ ಗೊತ್ತಿರುವ ಸುಳ್ಳು. ಕೋಳಿ ಕಾಳು ಆರಿಸುವುದು ಮುಖ್ಯವಾಗಿ ಕಣ್ಣಿನಿಂದ. ನಮ್ಮ ನಾಲಿಗೆಗೆ ಸಾವಿರಾರು ರುಚಿಮೊಗ್ಗು ಇದ್ದರೆ ಕೋಳಿಯ ಬಾಯಲ್ಲಿ ಕೆಲವೇ ನೂರು. ಬ್ಯಾಡಗಿ ಮೆಣಸಿನಕಾಯಿ ಬೀಜ ಚೆಲ್ಲಿ ನೋಡಿ, ಒಂದೂ ಬಿಡುವುದಿಲ್ಲ, ಯಾಕೆಂದರೆ ಖಾರ ಹಕ್ಕಿ ಜಾತಿಗೆ ತಾಗುವುದೇ ಇಲ್ಲ. ಮೆಣಸಿನಕಾಯಿಯಿಂದ ಕೇಡಿಲ್ಲ, ಅದರ ಕೆಂಪು ತತ್ತಿಯ ಭಂಡಾರದ (ಹಳದಿ ಲೋಳೆಯ) ಬಣ್ಣ ಏರಿಸುತ್ತದೆ. ಆದರೆ ಅದೇ ಕೋಳಿ ಥರ್ಮಾಕೋಲ್ ಚೂರನ್ನೂ ಕಿತ್ತು ಕಿತ್ತು ನುಂಗುತ್ತದೆ. ಉಪ್ಪು ಹೆಚ್ಚಾದ ಶೇವು, ಚೂಡಾ ಹಾಕಿದರೂ ಬೇಡ ಅನ್ನುವುದಿಲ್ಲ, ಆಮೇಲೆ ನೀರಿಗೆ ಬಾಯಿ ಬಿಡುತ್ತಾ ಕೂರುತ್ತದೆ. ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನೂ ತಿನ್ನುತ್ತದೆ. ಅದರಲ್ಲಿರುವ ಅಫ್ಲಾಟಾಕ್ಸಿನ್ ವಿಷ ಕುದಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಬೇಡವಾದದ್ದರ ಮೇಲೆಯೇ ಕೋಳಿಗೆ ಆಸೆ ಜಾಸ್ತಿ. "ಕೋಳಿ ತಿಂತು" ಅನ್ನುವುದು ಪರೀಕ್ಷೆಯೇ ಅಲ್ಲ!

ಕಾಳು ಬದಲಿಸಿದ ಮೇಲೆ ತತ್ತಿ ಕೆಟ್ಟವು. ಮೊದಲು ಚಿಪ್ಪು ತೆಳು, ಆಮೇಲೆ ಚಿಪ್ಪೇ ಇಲ್ಲ. ಕೈಗೆ ತೆಗೆದುಕೊಂಡರೆ ಒತ್ತಿದಲ್ಲಿ ಒಳಗೆ ಹೋಗುವ ಬರೀ ಪೊರೆ, ಒಳಗಿನ ಭಂಡಾರ ಬೆಳಕಿಗೆ ಹಿಡಿದರೆ ಹೊರಗೇ ಕಾಣುತ್ತದೆ. ಅದೂ ಒಂದೆರಡು ಹ್ಯಾಟೆ (ಹೆಣ್ಣು ಕೋಳಿ) ಅಲ್ಲ, ಎಲ್ಲವೂ ಒಟ್ಟಿಗೆ. ಅಂಗಡಿಗೆ ಹೇಳಿದರೆ ಉತ್ತರ ಬಾಯಲ್ಲೇ ಇತ್ತು: "ಸುಣ್ಣ ಕಡಿಮಿ ಆಗೇತ್ರೀ, ಕಪ್ಪೆಚಿಪ್ಪಿನ ಪುಡಿ ಹಾಕ್ರಿ." ಅದನ್ನೂ ಅವನೇ ಮಾರಿದ. ತನ್ನ ಕಾಳು ಮಾಡಿದ ಕೇಡಿಗೆ ತನ್ನದೇ ಅಂಗಡಿಯ ಪುಡಿ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಸುಣ್ಣದ ಕೊರತೆಯಾಗಿದ್ದರೆ ಪುಡಿ ಹಾಕಿದ ಕೆಲವೇ ದಿನಕ್ಕೆ ಚಿಪ್ಪು ಗಟ್ಟಿಯಾಗಬೇಕು. ಆಗಲಿಲ್ಲ.

ಅದರ ಬೆನ್ನಿಗೇ ಇನ್ನೊಂದು ಕೇಡು. ಪೊರೆ ತತ್ತಿ ಗೂಡಲ್ಲೇ ಒಡೆಯುತ್ತವೆ, ಒಡೆದದ್ದನ್ನು ಒಂದು ಕೋಳಿ ಕುಕ್ಕುತ್ತದೆ, ರುಚಿ ಹತ್ತುತ್ತದೆ, ಅದನ್ನು ನೋಡಿ ಉಳಿದವೂ ಕಲಿಯುತ್ತವೆ. ಆಮೇಲೆ ಗಟ್ಟಿ ತತ್ತಿ ಇಟ್ಟರೂ ಬಿಡುವುದಿಲ್ಲ. ತತ್ತಿ ತಿನ್ನುವ ಚಟ ಹತ್ತಿದ ಹ್ಯಾಟೆಯನ್ನು ಬಿಡಿಸುವುದು ಎಷ್ಟು ಕಷ್ಟ ಅಂತ ಸಾಕಿದವರಿಗೆ ಗೊತ್ತು.

ಮೋಸ ಬಯಲಾದದ್ದು ಚೀಲ ಖಾಲಿ ಮಾಡುವಾಗ. ಹೊರಗಿನಿಂದ ಬಿಳಿ ಚೀಲ, ಏನೂ ಬರಹ ಇಲ್ಲ. ತಳದ ಹೊಲಿಗೆಯ ಮೂಲೆಯಲ್ಲಿ ಒಂದಿಷ್ಟು ಕಾಳು ಗಂಟು ಕಟ್ಟಿದ್ದವು, ತೊಳೆಯುವಾಗ ನೀರು ತಾಗದವು. ಕಡು ಗುಲಾಬಿ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಚೀಲ ಒಳಮಗ್ಗುಲು ಹೊರಗೆ ಮಾಡಿ ನೋಡಿದರೆ ಅಲ್ಲಿದೆ ಎಲ್ಲ ಅಚ್ಚು: ಬೀಜದ ತಳಿ, ಅವಧಿ, ಔಷಧದ ಹೆಸರು, ಆಹಾರಕ್ಕೆ, ಮೇವಿಗೆ, ಎಣ್ಣೆಗೆ ಬಳಸಬಾರದು ಅನ್ನುವ ಎಚ್ಚರಿಕೆ. ಚೀಲವನ್ನೇ ತಿರುವಿ ಹೊಲಿದಿದ್ದರು! ಗೊತ್ತಿಲ್ಲದೆ ಆದ ತಪ್ಪಾದರೆ ಚೀಲ ತಿರುವಿ ಹೊಲಿಯುತ್ತಾರೆಯೇ? 1968ರ ಬೀಜ ನಿಯಮಗಳ ಪ್ರಕಾರ ಆ ಎಚ್ಚರಿಕೆ ಚೀಲದ ಮೇಲೆ ಇರಲೇಬೇಕು. ಅದನ್ನು ಒಳಗೆ ಮುಚ್ಚಿ ಮಾರಿದ್ದಾರೆ.

ಔಷಧ ಥೈರಾಮ್. ಶಿಲೀಂಧ್ರನಾಶಕ, ಕಿಲೋ ಬೀಜಕ್ಕೆ 2ರಿಂದ 3 ಗ್ರಾಂ ಸವರುತ್ತಾರೆ. ಮೊಳಕೆಗೆ ಒಳ್ಳೆಯದು, ಕೋಳಿಗೆ ಅಲ್ಲ. ತತ್ತಿಯ ಚಿಪ್ಪು ಮೆತ್ತಗಾಗುವುದು, ಮರಿಗಳ ಕಾಲಿನ ಮೂಳೆ ಸೊಟ್ಟಾಗಿ ಕುಂಟುವುದು, ಎರಡೂ ಥೈರಾಮ್‌ನ ಗುರುತು. ಕೆಲವು ಬೀಜಕ್ಕೆ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕವೂ ಇರುತ್ತದೆ. ಅದು ಇನ್ನೂ ಕೆಟ್ಟದ್ದು, ಕೋಳಿ ತೂರಾಡಿ ಬೀಳುತ್ತದೆ.

ಅಂಗಡಿಗೆ ಫೋನು ಮಾಡಿದಾಗ ಬಂದ ಉತ್ತರಗಳು ಒಂದಾದ ಮೇಲೊಂದು. "ತೊಳದೇವಲ್ರೀ, ಇನ್ನೇನ್ ಐತಿ ಅದ್ರಾಗ?" ತೊಳೆದರೆ ಹೋಗುವುದು ಬಣ್ಣ, ಔಷಧ ಪೂರ್ತಿ ಹೋಗುವುದಿಲ್ಲ. "ಬ್ಯಾರೆ ಯಾರೂ ಹೇಳಿಲ್ರಿ, ನೀವೊಬ್ರ ಹೇಳ್ತೀರಿ." "ಬಿಲ್ ಐತೇನ್ರಿ?" ಬಿಲ್ಲು ಬರೆದುಕೊಡದವನೇ ಬಿಲ್ಲು ಕೇಳುತ್ತಾನೆ. ಕೊನೆಗೆ "ಕೋಳಿ ಸತ್ತಾವೇನ್ರಿ? ಇಲ್ಲಲ್ಲ?" ಅಂದು ಫೋನು ಇಟ್ಟ. ಆ ತತ್ತಿಗಳನ್ನು ಓಣಿಯ ಮಕ್ಕಳು ತಿಂದಿದ್ದಾರೆ ಸ್ವಾಮಿ. ಅವರ ಮನೆಯವರಿಗೆ ಇದನ್ನು ಹೇಳುವಾಗ ತಲೆ ಎತ್ತಲಾಗಲಿಲ್ಲ. ನಿನ್ನ ಲೆಕ್ಕದಲ್ಲಿ ಕೋಳಿ ಸತ್ತರೆ ಮಾತ್ರ ಕೇಡೇ?

ಚೀಲ ಬಿಚ್ಚಿಸಿ ನೋಡಿ. ಪೇಟೆ ಕಾಳಿನಲ್ಲಿ ದುಂಡು, ಚಪ್ಪಟೆ, ಒಡಕು ಎಲ್ಲ ಇರುತ್ತವೆ. ಬೀಜದ ಕಾಳು ಜರಡಿ ಹಿಡಿದದ್ದು, ನುಚ್ಚು ಬೆರೆಸಿದ್ದರೂ ಇಡೀ ಕಾಳು ಎಲ್ಲ ಒಂದೇ ಅಳತೆ. ಹೋದ ವರ್ಷದ ಮಾಲು ಅನ್ನುತ್ತಾರೆ, ಒಂದು ನುಸಿಯೂ ಇಲ್ಲ, ತೂತೂ ಇಲ್ಲ ಅಂದರೆ ಅನುಮಾನ ಪಡಿ. ಕಾಳಿನ ತೊಟ್ಟಿನ ಸಂದಿಯಲ್ಲಿ ಗುಲಾಬಿ, ಹಸಿರು, ನೀಲಿ ಉಳಿದಿದೆಯೇ ನೋಡಿ. ಒದ್ದೆ ಬಿಳಿ ಬಟ್ಟೆಯಲ್ಲಿ ತಿಕ್ಕಿ. ನೀರಿಗೆ ಬಿಡದ ಬಣ್ಣ ಕೆಲವೊಮ್ಮೆ ಸ್ಪಿರಿಟ್ ಹಾಕಿದ ಹತ್ತಿಗೆ ಹತ್ತುತ್ತದೆ. ಚೀಲದ ಒಳಮೈ ಮರೆಯಬೇಡಿ.

ಈಗಾಗಲೇ ಹಾಕಿದ್ದರೆ ಕೂಡಲೇ ನಿಲ್ಲಿಸಿ. ತತ್ತಿ ತಿನ್ನಬೇಡಿ, ಯಾರಿಗೂ ಕೊಡಬೇಡಿ. ಮತ್ತೆ ಯಾವಾಗ ತಿನ್ನಬಹುದು ಅನ್ನುವುದನ್ನು ಪಶುವೈದ್ಯರಿಂದಲೇ ಕೇಳಿ, ಸಹಾಯವಾಣಿ 1962. ಒಂದು ಕಿಲೋ ಕಾಳು ಮತ್ತು ಚೀಲ ಸಾಕ್ಷಿಗೆ ಎತ್ತಿಡಿ. ಉಳಿದದ್ದನ್ನು ತಿಪ್ಪೆಗೆ ಚೆಲ್ಲಿದರೆ ಪಾರಿವಾಳ, ನವಿಲು ತಿಂದು ಸಾಯಬಹುದು, ಬಾವಿ ಹಳ್ಳದಿಂದ ದೂರ ಆಳವಾಗಿ ಹೂಳಿ. ತತ್ತಿ ಕುಕ್ಕುವ ಚಟಕ್ಕೆ ಗೂಡು ಕತ್ತಲೆ ಮಾಡಿ, ತತ್ತಿ ಇಟ್ಟ ಕೂಡಲೇ ಎತ್ತಿ, ಕಟ್ಟಿಗೆಯ ತತ್ತಿ ಒಂದೆರಡು ಇಡಿ.

ಕಾಳಿನ ಮಿಶ್ರಣ ಮನೆಯಲ್ಲೇ ಮಾಡಬಹುದು. 10 ಕಿಲೋಗೆ ಗೋವಿನಜೋಳದ ನುಚ್ಚು 5 ಕಿಲೋ, ಬೂಸ್ಟಿಲ್ಲದ ಶೇಂಗಾ ಹಿಂಡಿ 2, ಅಕ್ಕಿ ತೌಡು ಒಂದೂವರೆ, ಮೀನಿನ ಪುಡಿ ಅರ್ಧ, ಕಪ್ಪೆಚಿಪ್ಪಿನ ಚೂರು ಮುಕ್ಕಾಲು ಕಿಲೋ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 25 ಗ್ರಾಂ ದಾಟಬಾರದು. ತತ್ತಿ ಇಡುವ ಕೋಳಿಗೆ ದಿನಕ್ಕೆ 100 ಗ್ರಾಂ ಸಾಕು.

ಅಂಗಡಿಯಿಂದಲೇ ತರುವುದಾದರೆ ಬಿಲ್ಲಿನ ಮೇಲೆ "ಕೋಳಿ ಆಹಾರ" ಅಂತ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಚೀಲ ಅಲ್ಲೇ ಬಿಟ್ಟು ಬನ್ನಿ.