ಕೃಷ್ಣಮೂರ್ತಿಪುರಂನ ಅಕ್ಕನ ಕಂಪ್ಯೂಟರ್ ಅಂಗಡಿ

ಮಂಡ್ಯ ಕೋರ್ಟಿನ ಹತ್ತಿರ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಅರ್ಜಿ, ಅಫಿಡವಿಟ್, ಲಗ್ನಪತ್ರಿಕೆ, ತಿಥಿ ಕಾರ್ಡು ಎಲ್ಲಾ ಟೈಪ್ ಮಾಡುತ್ತೇನೆ. 19 ವರ್ಷದಿಂದ ಇದೇ ಕೆಲಸ. ಕಂಪ್ಯೂಟರ್ ಮಲಗಿದರೆ ಆ ದಿನ ಮನೆಗೆ ದುಡ್ಡಿಲ್ಲ. ಹಾಗಾಗಿ ರಿಪೇರಿ ಅಂಗಡಿಗಳ ಮೆಟ್ಟಿಲು ಸುಮಾರು ಹತ್ತಿ ಇಳಿದಿದ್ದೇನೆ. ಈಗ ಬರೆಯುತ್ತಿರುವುದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ಒಂದು ಅಂಗಡಿಯ ಬಗ್ಗೆ. ನಡೆಸುವವರು ಒಬ್ಬ ಹೆಣ್ಣುಮಗಳು. ಎಲ್ಲರೂ ಅಕ್ಕ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ಅದಾದ ಹತ್ತು ದಿನಕ್ಕೆ ನನ್ನ ಕಂಪ್ಯೂಟರ್ ಕೈಕೊಟ್ಟಿತು. ಎರಡಕ್ಕೂ ಸಂಬಂಧ ಇರಲಿಲ್ಲ, ಹಾರ್ಡ್ ಡಿಸ್ಕ್ ಹೋಗಿತ್ತು. ಮೊದಲು ಹತ್ತಿರದ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಬಿಚ್ಚಿಯೂ ನೋಡಲಿಲ್ಲ. "ಹಳೇ ಸಿಸ್ಟಮ್ ಸಾರ್, ಹೊಸಾದು ತಗೊಳ್ಳಿ, 48 ಸಾವಿರ ಆಗುತ್ತೆ" ಅಂದರು. ಡಿಸ್ಕಲ್ಲಿರೋ ಫೈಲ್‌ಗಳು ಅಂದೆ. "ಅದನ್ನ ಮರೆತುಬಿಡಿ" ಅಂದರು.

ಮರೆಯುವಂಥದ್ದಲ್ಲ ಅದು. 2009ರಲ್ಲಿ ಮಳವಳ್ಳಿ ಕಡೆಯ ಒಬ್ಬ ಮೇಷ್ಟ್ರು ತಮ್ಮ ಊರಿನ ಅಜ್ಜಿಯರು ಹೇಳುವ ಸೋಬಾನೆ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ನನ್ನ ಹತ್ತಿರ ಟೈಪ್ ಮಾಡಿಸಿದ್ದರು. 140 ಪುಟ. ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಹಾಡಿ ಹೇಳುತ್ತಿದ್ದರು. ಪುಸ್ತಕ ಮಾಡಿಸಲು ದುಡ್ಡು ಕೂಡಲಿಲ್ಲ. ಮೇಷ್ಟ್ರು ತೀರಿಕೊಂಡರು. ನೋಟ್‌ಬುಕ್ಕುಗಳು ಮನೆ ಕೆಡವುವಾಗ ಎಲ್ಲಿ ಹೋದವೋ ಗೊತ್ತಿಲ್ಲ. ಹೋದ ವರ್ಷ ಅವರ ಮಗಳು ಅಂಗಡಿಗೆ ಬಂದು "ಅಣ್ಣ, ಅಪ್ಪನ ಹಾಡುಗಳು ನಿಮ್ಮತ್ರ ಅವೆಯಾ?" ಅಂತ ಕೇಳಿದ್ದಳು. ಇವೆ ಅಂದಿದ್ದೆ. ಇವತ್ತು ತೆಗೆದುಕೊಡ್ತೀನಿ, ನಾಳೆ ತೆಗೆದುಕೊಡ್ತೀನಿ ಅಂತ ದಿನ ದೂಡಿದ್ದೆ.

ಮಾರನೇ ದಿನ ಬೆಳಗಿನ ರೈಲಿಗೆ ಸಿಪಿಯು ಹೊತ್ತುಕೊಂಡು ಮೈಸೂರಿಗೆ ಹೋದೆ.

ಅಂಗಡಿ ಒಂದೇ ಕೋಣೆಯದು. ಗೋಡೆಗೆ ಉದ್ದಕ್ಕೂ ಮರದ ಬೆಂಚು, ಅದರ ಮೇಲೆ ಸ್ಟೀಲಿನ ಇಡ್ಲಿ ತಟ್ಟೆಗಳು. ಬಿಚ್ಚಿದ ಸ್ಕ್ರೂಗಳನ್ನು ಹಾಕುವುದು ಅದರಲ್ಲೇ. ಕೆಳಗಿನ ಮುಚ್ಚಳದ ಸ್ಕ್ರೂ ಒಂದು ಗುಳಿಗೆ, ಕೀಬೋರ್ಡಿನದು ಇನ್ನೊಂದಕ್ಕೆ, ಫ್ಯಾನಿನದು ಮತ್ತೊಂದಕ್ಕೆ, ಬಿಚ್ಚಿದ ಸಾಲಿನಲ್ಲೇ. ಪುನಃ ಜೋಡಿಸುವಾಗ ಹಿಂದಿನಿಂದ ಒಂದೊಂದೇ ಗುಳಿ ಖಾಲಿ ಮಾಡುತ್ತಾ ಬರುತ್ತಾರೆ. ಕೊನೆಗೆ ಒಂದು ಸ್ಕ್ರೂ ಮಿಕ್ಕಿದರೂ ಮತ್ತೆ ಬಿಚ್ಚುತ್ತಾರೆ. ಗಿರಾಕಿ ಎದುರಿಗೇ ಕೂತು ನೋಡಬಹುದು, ನೋಡಲೇಬೇಕು ಅಂತ ಅಕ್ಕನ ಹಟ.

ಡಿಸ್ಕನ್ನು ಕಿವಿ ಹತ್ತಿರ ಹಿಡಿದು ಕೇಳಿದರು. "ಟಕ್ ಟಕ್ ಅಂತಿಲ್ಲ, ಬದುಕೈತೆ. ಆದ್ರೆ ಇನ್ನ ಇದುನ್ನ ಆನ್ ಮಾಡ್ಬ್ಯಾಡ ಕಣಪ್ಪ" ಅಂದರು. ಆಮೇಲೆ ಡಿಡಿರೆಸ್ಕ್ಯೂ ಅನ್ನುವ ಒಂದು ಸಾಫ್ಟ್‌ವೇರ್ ಹಾಕಿದರು. ಅದು ಮೊದಲು ಡಿಸ್ಕಿನಲ್ಲಿ ಚೆನ್ನಾಗಿರುವ ಜಾಗವನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತದೆ. ಕೆಟ್ಟ ಜಾಗ ಬಂದರೆ ಅಲ್ಲೇ ಜಗ್ಗಾಡದೆ ಬಿಟ್ಟು ಮುಂದೆ ಹೋಗುತ್ತದೆ, ಎಲ್ಲ ಮುಗಿದ ಮೇಲೆ ವಾಪಸ್ ಬಂದು ಪ್ರಯತ್ನ ಮಾಡುತ್ತದೆ. "ಗಟ್ಟಿ ನೆಲದ ಕಬ್ಬು ಮೊದ್ಲು ಕಡ್ಕೊಂಡು, ಕೆಸರಲ್ಲಿರೋದ್ನ ಆಮೇಲೆ ನೋಡ್ದಂಗೆ" ಅಂದರು. ನನಗೆ ಚೆನ್ನಾಗಿ ಅರ್ಥವಾಯಿತು. ಎರಡು ದಿನ ಹಿಡಿಯಿತು. ಹಾಡಿನ ಫೈಲ್ ಸಿಕ್ಕಿತು ಅಂತ ಫೋನ್ ಬಂದಾಗ ನನಗೆ ಗಂಟಲು ಕಟ್ಟಿತು.

ಇಷ್ಟಕ್ಕೇ ಬಿಲ್ ಮಾಡಿ ಕಳಿಸಬಹುದಿತ್ತು. ಆದರೆ ಅಕ್ಕ ಫೈಲ್ ತೆರೆದು, "ಆ ಹುಡುಗಿ ಇದುನ್ನ ಫೋನಲ್ಲಿ ಓದಕಾಯ್ತದಾ?" ಅಂತ ಕೇಳಿದರು. ಆಗುವುದಿಲ್ಲ. ಅದು ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ತೆರೆದರೆ, ಇಂಗ್ಲಿಷ್ ಅಕ್ಷರಕ್ಕೆ ಟೋಪಿ, ಬಾಲ ಹಾಕಿದಂಥ ಗೋಜಲು ಕಾಣುತ್ತದೆ. ನಮ್ಮ ಡಿಟಿಪಿಯವರ ಕಷ್ಟ ಇದೇ. ನಾವು ಪುಟ ಜೋಡಿಸುವ ಪೇಜ್‌ಮೇಕರ್‌ಗೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಫೋನಿಗೂ ಒಂದೇ ಆದ ಅಕ್ಷರ ಸಂಕೇತ, ಬರುವುದಿಲ್ಲ, ಅದರ ಕೊನೆಯ ಆವೃತ್ತಿ ಬಂದಿದ್ದೇ 2001ರಲ್ಲಿ. ಹಾಗಾಗಿ ಇಪ್ಪತ್ತು ವರ್ಷದ ಕನ್ನಡವೆಲ್ಲ ಇಂಥ ಫೈಲ್‌ಗಳೊಳಗೆ ಸಿಕ್ಕಿಕೊಂಡಿದೆ. ಹುಡುಕಿದರೆ ಸಿಗುವುದಿಲ್ಲ, ಫೋನಲ್ಲಿ ಓದಲು ಬರುವುದಿಲ್ಲ.

ಯೂನಿಕೋಡಿಗೆ ಬದಲಾಯಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಆದರೆ ಅರ್ಕಾವತ್ತು ಕಾಟ ಕೊಡುತ್ತದೆ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ನಾವು ಕಣ್ಣಲ್ಲಿ ನೋಡುವ ಹಾಗೆ. ಯೂನಿಕೋಡಿನಲ್ಲಿ ನಾವು ಉಚ್ಚಾರ ಮಾಡುವ ಹಾಗೆ ರಕಾರ ಮೊದಲು ಬರಬೇಕು. ಜಾಗ ಅದಲುಬದಲು ಆಗದಿದ್ದರೆ ಕರ್ಪೂರ ಹೋಗಿ ಕಪೂರ್ರ ಆಗುತ್ತದೆ, ಸೂರ್ಯ ಹೋಗಿ ಸೂಯರ್ ಆಗುತ್ತದೆ. ಸೋಬಾನೆ ಪದದಲ್ಲಿ ಕರ್ಪೂರಕ್ಕೇನು ಕಮ್ಮಿಯೇ? ಅಕ್ಕ ಒಂದು ಸಣ್ಣ ಪ್ರೋಗ್ರಾಂ ಬರೆದು ಮುಕ್ಕಾಲು ಪಾಲು ಸರಿಮಾಡಿದರು. ಉಳಿದದ್ದನ್ನು ನಾನೂ ಅಲ್ಲಿ ಕೆಲಸ ಮಾಡುವ ಒಂದು ಹುಡುಗಿಯೂ ಒಂದು ಮಧ್ಯಾಹ್ನವೆಲ್ಲ ಕೂತು ತಿದ್ದಿದೆವು. ನಾನು ಮೇಷ್ಟ್ರು ಹಾಡುತ್ತಿದ್ದ ಧಾಟಿ ನೆನಪು ಮಾಡಿಕೊಂಡು ಓದುತ್ತಿದ್ದೆ, ಅವಳು ತಿದ್ದುತ್ತಿದ್ದಳು.

ಈ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಒತ್ತಾಯ ಮಾಡಿದ್ದಕ್ಕೆ ಅಕ್ಕ ಹೇಳಿದ್ದು ಇದು: "ನಾನು ಕನ್ನಡ ಟೈಪ್ ಮಾಡಕೆ ಕಲ್ತಿದ್ದು ಪುಕ್ಕಟೆ ಬಂದ ಬರಹದಲ್ಲಿ. ನೀನು ಟೈಪ್ ಮಾಡೋದು ಕೆ.ಪಿ. ರಾವ್ ಅವ್ರ ಕೀಲಿಮಣೇಲಿ. ಅವ್ರು ಯಾರತ್ರನಾದ್ರೂ ಬಾಡಿಗೆ ಕೇಳವ್ರಾ?" ನಿಜ ಅಲ್ವಾ. ಶೇಷಾದ್ರಿವಾಸು ಅವರ ಬರಹ ಸಾಫ್ಟ್‌ವೇರ್ 1998ರಲ್ಲಿ ಬಂತು, ಎಷ್ಟೋ ಜನ ಕಂಪ್ಯೂಟರಿನಲ್ಲಿ ಮೊದಲ ಬಾರಿ ಕನ್ನಡ ಬರೆದದ್ದು ಅದರಲ್ಲೇ. ನುಡಿಯಲ್ಲಿರುವ ಕೀಲಿಮಣೆ ವಿನ್ಯಾಸ ಕಿನ್ನಿಕಂಬಳದ ಪದ್ಮನಾಭ ರಾಯರದ್ದು, ಅವರೇ ಕೆ.ಪಿ. ರಾವ್. ಎಫ್ ಒತ್ತಿದರೆ ಒತ್ತಕ್ಷರ. 19 ವರ್ಷದಿಂದ ನನ್ನ ಬೆರಳು ಅದನ್ನೇ ಉಂಡು ಬೆಳೆದಿದೆ. ಅವರ ಹೆಸರನ್ನು ನಾನು ಸರಿಯಾಗಿ ತಿಳಿದುಕೊಂಡದ್ದು ಅವತ್ತೇ.

ಕಂಪ್ಯೂಟರ್ ವಿಷಯಕ್ಕೆ ಬರುತ್ತೇನೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು, ನನ್ನದು 4ನೆಯದು. ಅಕ್ಕ 256 ಜಿಬಿಯ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಕೂರಿಸಿದರು. ಕೀಬೋರ್ಡ್ ಸೆಟ್ಟಿಂಗ್ಸ್ ತೆರೆದರೆ ಕನ್ನಡದ ಕೆಳಗೆ ಕಗಪ ಅಂತಲೇ ಇದೆ, ಅದೇ ಕೆ.ಪಿ. ರಾವ್ ಅವರ ವಿನ್ಯಾಸ! ಎಫ್ ಒತ್ತಿದೆ, ಒತ್ತು ಬಿತ್ತು. ಅಲ್ಲಿಗೆ ನನ್ನ ಅರ್ಧ ಹೆದರಿಕೆ ಹೋಯಿತು. ಪೇಜ್‌ಮೇಕರ್ ಮತ್ತು ಕೋರಲ್‌ಡ್ರಾಗೆ ಬೇರೊಂದು ಡಿಸ್ಕಿನಲ್ಲಿ ಹಳೇ ವಿಂಡೋಸನ್ನು ಇಟ್ಟುಕೊಟ್ಟರು, ಅದಕ್ಕೆ ಮಾತ್ರ ಇಂಟರ್ನೆಟ್ ಕನೆಕ್ಷನ್ ಕೊಡಬೇಡ ಅಂತ ಖಡಾಖಂಡಿತವಾಗಿ ಹೇಳಿದರು. ಡಿಸ್ಕು, ಫೈಲ್ ತೆಗೆದದ್ದು, ಕೂಲಿ ಎಲ್ಲಾ ಸೇರಿ 4,350 ರೂಪಾಯಿ.

ಅಕ್ಕನ ಊರು ಪಾಂಡವಪುರದ ಹತ್ತಿರ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಂತೆ, ಸ್ಪ್ಯಾನರ್ ಹಿಡಿಯುವುದು ಅಲ್ಲಿಂದಲೇ ಬಂದಿರಬೇಕು. ಓದಿದ್ದು ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ, ಕೆ.ವಿ. ಶಂಕರಗೌಡರು 1962ರಲ್ಲಿ ಶುರು ಮಾಡಿದ್ದು. "ಆ ಕಾಲೇಜು ಮಂಡ್ಯದಲ್ಲಿ ಇಲ್ದಿದ್ರೆ ನಮ್ಮಪ್ಪ ನನ್ನ ಇಂಜಿನಿಯರಿಂಗ್‌ಗೆ ಕಳಿಸ್ತಿರ್ಲಿಲ್ಲ" ಅಂತಾರೆ. 11 ವರ್ಷ ಬೆಂಗಳೂರಿನಲ್ಲಿ ಕಂಪನಿ ಕೆಲಸ. ಅಮ್ಮನನ್ನು ನೋಡಿಕೊಳ್ಳಲು 2013ರಲ್ಲಿ ಮೈಸೂರಿಗೆ ಬಂದರು. ಮೊದಲ ಎರಡು ವರ್ಷ ಮೊಬೈಲ್ ರೀಚಾರ್ಜ್, ಪ್ರಿಂಟ್‌ಔಟ್ ಇದರಲ್ಲೇ ಬಾಡಿಗೆ ಕಟ್ಟಿದರಂತೆ. ಆಮೇಲೊಂದು ದಿನ ಅವರ ಊರಿನ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರು ಧೂಳು ಹಿಡಿದ ಆರು ಕಂಪ್ಯೂಟರ್ ಆಟೋದಲ್ಲಿ ಹಾಕಿಕೊಂಡು ಬಂದರು. ಆರನ್ನೂ ಬಿಚ್ಚಿ, ಇದರದ್ದು ಅದಕ್ಕೆ ಅದರದ್ದು ಇದಕ್ಕೆ ಹಾಕಿ ನಾಲ್ಕನ್ನು ಓಡಿಸಿದರು. ಈಗ ಹೊಸ ಕಂಪ್ಯೂಟರ್ ಕೊಂಡವರು ಹಳೆಯದನ್ನು ತಂದು ಇಲ್ಲಿ ಬಿಟ್ಟು ಹೋಗುತ್ತಾರೆ. ಡಿಸ್ಕ್ ಪೂರ್ತಿ ಅಳಿಸಿದ್ದನ್ನು ಅವರಿಗೆ ತೋರಿಸಿ, ರಿಪೇರಿ ಮಾಡಿ, ಶಾಲೆಗಳಿಗೆ ಬಿಡಿಭಾಗದ ಅಸಲಿಗೇ ಕೊಡುತ್ತಾರೆ.

ಮೈಸೂರಲ್ಲಿ ಕಂಪ್ಯೂಟರ್ ಉದ್ಯಮ ಅಂದರೆ ನಮ್ಮ ಜನಕ್ಕೆ ಹೆಬ್ಬಾಳದ ಇನ್ಫೋಸಿಸ್ಸಿನ ದೊಡ್ಡ ಕ್ಯಾಂಪಸ್ಸೇ ಕಣ್ಣಿಗೆ ಬರುವುದು. ನನಗೆ ಈಗ ಈ ಒಂದು ಕೋಣೆಯೂ ಬರುತ್ತದೆ. ಐಟಿಐ ಮುಗಿಸಿದ ಮೂರು ಹುಡುಗಿಯರು ಇಲ್ಲಿ ಕೆಲಸ ಮಾಡುತ್ತಾರೆ. ರಿಪೇರಿ ಮಾಡಿದವರ ಹೆಸರು ಬಿಲ್ಲಿನ ಮೇಲೆ ಇರುತ್ತದೆ, ಕೂಲಿಯಲ್ಲಿ ಅರ್ಧ ಅವರಿಗೇ ಹೋಗುತ್ತದೆ. ಭಾನುವಾರ ಬೆಳಿಗ್ಗೆ ಪಾಠ ಇರುತ್ತದೆ, ಫೀಸು ಇಲ್ಲ. ಟೈಲರ್, ಆಟೋದವರು, ಸಂಘದ ಹೆಂಗಸರು ಬರುತ್ತಾರೆ. ಒಂದೇ ಷರತ್ತು, ತಮ್ಮದೇ ಕೆಲಸ ತರಬೇಕು. ಅವತ್ತು ಒಬ್ಬಾಕೆ ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕ ತಂದು ಎಕ್ಸೆಲ್ ಥರದ ಶೀಟಿನಲ್ಲಿ ಬಡ್ಡಿ ಹಾಕುವುದು ಕಲಿಯುತ್ತಿದ್ದರು. ಕೂಡಿಸಿದ ಮೊತ್ತ ತಾನಾಗೇ ಬಂದಾಗ ಆಕೆ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಇನ್ನೊಂದು ಸಲ ಕೂಡಿಸಿ ನೋಡಿದರು.

ತೊಂದರೆಗಳೂ ಇವೆ, ಹೇಳಲೇಬೇಕು. ನನ್ನ ಹಳೇ ಲೇಸರ್ ಪ್ರಿಂಟರ್ ಲಿನಕ್ಸಿಗೆ ಒಗ್ಗಲು ಇನ್ನೆರಡು ದಿನ ಹಿಡಿಯಿತು. ಅದನ್ನು ಮೊದಲೇ ಕೇಳಿಕೊಂಡಿದ್ದರೆ ನನ್ನ ಎರಡು ದಿನದ ದುಡಿಮೆ ಉಳಿಯುತ್ತಿತ್ತು. ಈ ಮಾತನ್ನು ಅಕ್ಕನಿಗೂ ಹೇಳಿದೆ, ಒಪ್ಪಿಕೊಂಡರು. ಕೆಲಸ ಮಾಡುವಾಗ ಫೋನ್ ಎತ್ತುವುದಿಲ್ಲ. ಮನೆಗೆ ಬಂದು ರಿಪೇರಿ ಮಾಡುವುದಿಲ್ಲ. ಬೈಕ್ ನಿಲ್ಲಿಸಲೂ ಜಾಗ ಕಷ್ಟ. ಇವತ್ತೇ ಆಗಬೇಕು ಅನ್ನುವ ಅವಸರ ಇದ್ದರೆ ಬೇರೆ ಕಡೆ ನೋಡಿ.

ಮೇಷ್ಟ್ರ ಮಗಳಿಗೆ ಫೈಲ್ ವಾಟ್ಸಾಪಿನಲ್ಲಿ ಕಳಿಸಿದೆ. ಅರ್ಧ ಗಂಟೆ ಏನೂ ಉತ್ತರವಿಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. ಅವಳ ಅಮ್ಮ ಹಾಡುತ್ತಿದ್ದರು, ಇವಳು ಫೋನ್ ನೋಡಿಕೊಂಡು ಮುಂದಿನ ಸಾಲು ಹೇಳಿಕೊಡುತ್ತಿದ್ದಳು.

ಹೋಗುವವರಿಗೆ: ಅಂಗಡಿ ಬಲ್ಲಾಳ್ ಸರ್ಕಲ್‌ನಿಂದ ನಡೆಯುವಷ್ಟೇ ದೂರ. ಹತ್ತೂವರೆಗೆ ತೆಗೆಯುತ್ತಾರೆ, ಮಂಗಳವಾರ ರಜೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಮರೆಯಬೇಡಿ. ಡೆಸ್ಕ್‌ಟಾಪ್ ಆದರೆ ಸಿಪಿಯು ಸಾಕು, ಮಾನಿಟರ್ ಹೊರಬೇಡಿ. ಪ್ರಿಂಟರ್ ಇದ್ದರೆ ಅದರ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ.