ಮಡಿಕೇರಿಯ ಸೂರ್ಯಾಸ್ತ: ರಾಜಾಸೀಟು, ಮಾಂದಲಪಟ್ಟಿ, ಕೋಟೆಬೆಟ್ಟ, ತಲಕಾವೇರಿ

“ರಾಜಾಸೀಟು ಬೇಡ, ಅಲ್ಲಿ ಜಾತ್ರೆ. ಸೂರ್ಯಾಸ್ತಕ್ಕೆ ಬೇರೆ ಜಾಗ ಹೇಳಿ.” ಮಡಿಕೇರಿಯಲ್ಲಿ ಮನೆ ಮಾಡಿಕೊಂಡವರಿಗೆ ಬೆಂಗಳೂರು, ಮೈಸೂರಿನ ಸ್ನೇಹಿತರಿಂದ ಬರುವ ಫೋನ್ ಕರೆಗಳ ಸಾರ ಬಹುಪಾಲು ಇಷ್ಟೇ. ನೌಕರಿಯ ದೆಸೆಯಿಂದ ಕೆಲವು ವರ್ಷ ಆ ಊರಿನಲ್ಲಿದ್ದ ನಾನು ಇಂಥವರನ್ನು ಕರೆದುಕೊಂಡು ಸುತ್ತಲಿನ ಹೆಸರುವಾಸಿ ಗುಡ್ಡಗಳ ಮೇಲೆಲ್ಲ ಸಂಜೆ ಕಳೆದಿದ್ದೇನೆ. ಅವರ ಬೇಡಿಕೆಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಅವರು ಅಳೆಯುವುದು ಎತ್ತರವನ್ನು ಮತ್ತು ಜನಸಂದಣಿಯನ್ನು. ಅಳೆಯಬೇಕಾದುದು ಬೇರೆಯೇ ಇದೆ: ಸೂರ್ಯ ಮುಳುಗಿದ ಮೇಲೆ ಆ ಜಾಗದಲ್ಲಿ ನಿಮ್ಮನ್ನು ಎಷ್ಟು ಹೊತ್ತು ಇರಲು ಬಿಡುತ್ತಾರೆ?

ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ಇಳಿಯುತ್ತಾನೆ. ಒಂದು ಡಿಗ್ರಿ ಕೆಳಗಿಳಿಯಲು ಅವನಿಗೆ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ಎದುರಿಗಿರುವ ಗುಡ್ಡ ದಿಗಂತದಿಂದ ಐದು ಡಿಗ್ರಿ ಮೇಲಕ್ಕೆ ಎದ್ದು ನಿಂತಿದ್ದರೆ ಇಪ್ಪತ್ತು ನಿಮಿಷದ ಸಂಜೆಯನ್ನು ಅದೇ ನುಂಗಿಬಿಡುತ್ತದೆ. ಸೂರ್ಯ ಇನ್ನೂ ಕಣ್ಣು ಕುಕ್ಕುವಷ್ಟು ಬೆಳ್ಳಗಿರುವಾಗಲೇ ಮರೆಯಾಗುತ್ತಾನೆ. ಕೊಡಗಿನ ಎಷ್ಟೋ ಹೋಂಸ್ಟೇಗಳ ‘ಸನ್‌ಸೆಟ್ ಪಾಯಿಂಟ್’ಗಳ ಹಣೆಬರಹ ಇದು. ಸುತ್ತ ಸಿಲ್ವರ್ ಓಕ್, ಎದುರಿಗೆ ದಿಣ್ಣೆ, ನಡುವೆ ಒಂದು ಕಲ್ಲುಬೆಂಚು. ಇನ್ನು, ಸೂರ್ಯ ದಿಗಂತದ ಕೆಳಗೆ ಹೋದ ಮೇಲೆ ಅವನ ಬೆಳಕು ಎತ್ತರದ ತೆಳು ಮೋಡಗಳಿಗೆ ಅಡಿಯಿಂದ ತಾಗುತ್ತದೆ. ಗಾಢ ಬಣ್ಣ ಬರುವುದು ಆಗ, ಅಂದರೆ ಎಲ್ಲರೂ ಎದ್ದು ಪ್ಯಾಂಟು ಝಾಡಿಸಿಕೊಂಡು ಹೊರಟ ಮೇಲೆ. ಅದಕ್ಕೂ ಇಪ್ಪತ್ತು ನಿಮಿಷದ ಆಯಸ್ಸು. ಈ ಇಪ್ಪತ್ತು ನಿಮಿಷ ಕೊಡದ ಜಾಗಕ್ಕೆ ನಾನು ಅಂಕ ಕೊಡುವುದಿಲ್ಲ.

ಮೊದಲು ಮಾಂದಲಪಟ್ಟಿ. ಎಲ್ಲರೂ ಕೇಳುವುದು ಅದನ್ನೇ. ಸಿನಿಮಾದ ದೆಸೆಯಿಂದ ‘ಮುಗಿಲುಪೇಟೆ’ ಎಂಬ ಹೆಸರೂ ಅದಕ್ಕೆ ಅಂಟಿದೆ. ಸುಮಾರು 1,600 ಮೀಟರ್ ಎತ್ತರದ ಹುಲ್ಲುಗುಡ್ಡ, ಪುಷ್ಪಗಿರಿ ವನ್ಯಧಾಮದ ನೆರೆ. ಕೊನೆಯ ಕೆಲವು ಕಿಲೋಮೀಟರ್ ಎಲುಬುಗಳನ್ನು ಎಣಿಸಿಕೊಡುವಂಥ ದಾರಿ; ಜೀಪು ಬಾಡಿಗೆಗೆ ಹಿಡಿಯಲೇಬೇಕು. ತಲೆಗಿಷ್ಟು ಎಂದಲ್ಲ, ಗಾಡಿಗಿಷ್ಟು ಎಂಬ ಲೆಕ್ಕ. ಹಾಗಾಗಿ ಇಬ್ಬರೇ ಹೋದರೆ ಕೈ ಸುಡುತ್ತದೆ. ಮೇಲೆ ನಿಂತಾಗ ಕಾಣುವ ನೋಟದ ಬಗ್ಗೆ ನನ್ನ ತಕರಾರಿಲ್ಲ. ಪದರ ಪದರವಾಗಿ ಗುಡ್ಡ, ನಡುವೆ ಶೋಲಾ ಕಾಡಿನ ಕಪ್ಪು ಮಡಿಕೆಗಳು, ಗಾಳಿಗೆ ಮಲಗಿದ ಹುಲ್ಲು. ತಕರಾರು ಗಡಿಯಾರದ್ದು. ಅರಣ್ಯ ಇಲಾಖೆಯ ಗೇಟು ದಾಟಿ ಒಳಗೆ ಹೋದವರು ಕತ್ತಲಾಗುವ ಮೊದಲು ಇಳಿಯಬೇಕು. ಅದು ನ್ಯಾಯವೇ, ಕಾಡುಪ್ರಾಣಿಗಳ ಜಾಗವದು. ಆದರೆ ಇದರಿಂದಾಗಿ ಸೂರ್ಯ ಕೆಂಪಗಾಗುವ ಹೊತ್ತಿಗೆ ನಮ್ಮ ಚಾಲಕ ಹಾರ್ನ್ ಒತ್ತಲು ಶುರುಮಾಡಿರುತ್ತಾನೆ. ಅವನಿಗೆ ಇನ್ನೊಂದು ಚಿಂತೆಯೂ ಇದೆ: ಆ ದಾರಿಯಲ್ಲಿ ಎದುರು ಗಾಡಿ ಬಂದರೆ ಒಬ್ಬರು ಹಿಂದಕ್ಕೆ ಸರಿಯಬೇಕು, ಕತ್ತಲಲ್ಲಿ ಯಾರು ಸರಿಯುವುದು? ಸಂಜೆ ಕಣಿವೆಯಿಂದ ಮಂಜು ಮೇಲೇಳುವ ಅಭ್ಯಾಸ ಬೇರೆ. ಎಷ್ಟೋ ಸಲ ಜೀಪಿನ ಬಾಡಿಗೆ ಕೊಟ್ಟು ಬಿಳಿ ಗೋಡೆ ನೋಡಿ ಬಂದಿದ್ದೇವೆ. ಮಾಂದಲಪಟ್ಟಿ ಬೆಳಗಿನ ಜಾಗ. ಬೆಳಿಗ್ಗೆ ಮೋಡ ಕೆಳಗೆ ಕಣಿವೆಯಲ್ಲಿರುತ್ತದೆ, ನಾವು ಮೇಲಿರುತ್ತೇವೆ, ಹಿಂತಿರುಗುವಾಗ ಹಗಲಿರುತ್ತದೆ.

ತಡಿಯಂಡಮೋಳ್ ಹೆಸರನ್ನೂ ಕೆಲವರು ಎತ್ತುತ್ತಾರೆ. 1,748 ಮೀಟರ್, ಕೊಡಗಿನಲ್ಲೇ ಎತ್ತರದ ಶಿಖರ. ಅದು ಬೆಳಿಗ್ಗೆ ಹತ್ತಿ ಹಗಲಿರುವಾಗಲೇ ಇಳಿಯುವ ಚಾರಣ. ಸೂರ್ಯಾಸ್ತದ ಪಟ್ಟಿಗೆ ಬರುವುದೇ ಇಲ್ಲ. ತಪ್ಪಲಿನ ನಾಲ್ಕುನಾಡು ಅರಮನೆ ನೋಡಿ ಬರಬಹುದು, ಅಷ್ಟೇ.

ಕೋಟೆಬೆಟ್ಟದ ವಿಷಯ ಬೇರೆ. ಮಡಿಕೇರಿ–ಸೋಮವಾರಪೇಟೆ ದಾರಿಯಲ್ಲಿ ಹಟ್ಟಿಹೊಳೆಯ ಕಡೆಯಿಂದ ತಿರುಗಿ ಹೋಗುವ ಈ ಬೆಟ್ಟವೂ 1,600 ಮೀಟರಿಗೆ ಮೇಲೆಯೇ. ದೂರದಿಂದ ನೋಡಿದರೆ ಹೆಸರಿಗೆ ತಕ್ಕಂತೆ ಕೋಟೆಯ ಗೋಡೆಯ ಹಾಗೆ ಕಾಣುವ ಬಂಡೆ. ನೆತ್ತಿಯಲ್ಲಿ ಶಿವನ ಗುಡಿ. ಇಲ್ಲಿನ ಹೆಚ್ಚುಗಾರಿಕೆ ಪಶ್ಚಿಮದ ನೋಟದಲ್ಲಿಲ್ಲ. ಆ ಕಡೆ ಗುಡ್ಡಗಳ ಸಾಲು ಅಡ್ಡ ಇದೆ, ವಾಯವ್ಯಕ್ಕೆ ಪುಷ್ಪಗಿರಿ ಭುಜ ಎತ್ತಿ ನಿಂತಿದೆ. ಹೆಚ್ಚುಗಾರಿಕೆ ಇರುವುದು ಬೆನ್ನ ಹಿಂದೆ. ಸೂರ್ಯ ಇಳಿಯುತ್ತಿದ್ದಂತೆ ಒಮ್ಮೆ ಪೂರ್ವಕ್ಕೆ ತಿರುಗಬೇಕು. ನಾವು ನಿಂತ ಬೆಟ್ಟದ ನೆರಳೇ ಹಾರಂಗಿ ಜಲಾಶಯದ ಕಡೆಗೆ ಉದ್ದಕ್ಕೆ ಚಾಚಿಕೊಂಡು ಹೋಗುತ್ತಿರುತ್ತದೆ. ಸೂರ್ಯ ಮುಳುಗಿದ ಕೆಲವೇ ನಿಮಿಷಕ್ಕೆ ಪೂರ್ವ ದಿಗಂತದಲ್ಲಿ ಬೂದುನೀಲಿಯ ಪಟ್ಟಿಯೊಂದು ಏಳುತ್ತದೆ, ಅದರ ಮೇಲಂಚಿಗೆ ನಸುಗುಲಾಬಿ. ಆ ಬೂದುನೀಲಿ ಭೂಮಿಯದೇ ನೆರಳು, ವಾತಾವರಣದ ಮೇಲೆ ಬಿದ್ದದ್ದು. ಪೂರ್ವ ದಿಕ್ಕು ತೆರೆದಿರುವ ಜಾಗದಲ್ಲಿ ಮಾತ್ರ ಇದನ್ನು ಪೂರ್ತಿ ನೋಡಲು ಸಿಗುತ್ತದೆ. ಹುಣ್ಣಿಮೆಯ ದಿನ ಹೋದರಂತೂ ಸೂರ್ಯ ಆ ಕಡೆ ಇಳಿಯುವ ಹೊತ್ತಿಗೆ ಚಂದ್ರ ಈ ಕಡೆ ಏಳುತ್ತಾನೆ. ಜನ ಮೊಬೈಲನ್ನು ಪಶ್ಚಿಮಕ್ಕೇ ಹಿಡಿದು ನಿಂತಿರುವುದನ್ನು ಕಂಡು ನನಗೆ ಪ್ರತಿ ಸಲವೂ ರೇಗುತ್ತದೆ.

ಕೋಟೆಬೆಟ್ಟದಲ್ಲಿ ಹಾರ್ನ್ ಒತ್ತುವವರು ಕಡಿಮೆ. ಅದರ ಬದಲು ದಂಡ ಕಟ್ಟಬೇಕಾದುದು ಇಳಿಯುವಾಗ. ಮೇಲಿನ ದಾರಿ ಕಲ್ಲು, ಕೊರಕಲು, ಮಳೆ ಬಿದ್ದಿದ್ದರೆ ಜಾರುವ ಮಣ್ಣು. ಕಾರು ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿ ಬಿಟ್ಟು ನಡೆಯುವುದಾದರೆ ಕೈಯಲ್ಲಿ ಟಾರ್ಚು ಬೇಕು. ಮೊಬೈಲ್ ಬೆಳಕನ್ನು ನೆಚ್ಚಿಕೊಳ್ಳುವುದು ಬೇಡ. ಮೇಲೆ ಫೋಟೊ ತೆಗೆದು ಮುಗಿಸುವಷ್ಟರಲ್ಲಿ ಅದರ ಬ್ಯಾಟರಿಯೂ ಮುಳುಗಿರುತ್ತದೆ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನಾನು ಈ ಹೆಸರನ್ನೇ ಬಾಯಿಗೆ ತರುವುದಿಲ್ಲ. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿದ್ದರೆ ಮಾತ್ರ ಸಂಜೆಗೆ ಹೋಗಿ.

ತಲಕಾವೇರಿಗೆ ಸೂರ್ಯಾಸ್ತದ ಸಲುವಾಗಿ ಹೋಗುವವರು ಕಡಿಮೆ. ತೀರ್ಥ ಹಾಕಿಸಿಕೊಂಡು, ಮಧ್ಯಾಹ್ನ ಭಾಗಮಂಡಲದಲ್ಲಿ ಊಟ ಮಾಡಿ ಮಡಿಕೇರಿಗೆ ವಾಪಸಾಗುತ್ತಾರೆ. ಬ್ರಹ್ಮಗಿರಿಯ ತಪ್ಪಲಲ್ಲಿ 1,276 ಮೀಟರ್ ಎತ್ತರದಲ್ಲಿರುವ ಈ ಕ್ಷೇತ್ರ ಮಾಂದಲಪಟ್ಟಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ತಗ್ಗು. ಆದರೂ ಸಂಜೆಯ ಮಟ್ಟಿಗೆ ಇದೇ ಮೇಲು. ಕಾರಣ ಭೂಗೋಳ: ಇದು ಕೊಡಗಿನ ಪಡುವಣ ಅಂಚು. ಇಲ್ಲಿಂದಾಚೆ ನೆಲ ಕಾಸರಗೋಡಿನ ಕಡೆಗೆ ಇಳಿಯುತ್ತಾ ಹೋಗುತ್ತದೆ, ಎದುರು ಎತ್ತರದ ಅಡ್ಡಿ ಕಡಿಮೆ. ಆಕಾಶ ತಿಳಿಯಾಗಿದ್ದಾಗ ಮೇಲಿನಿಂದ ಅರಬ್ಬಿ ಸಮುದ್ರ ಕಾಣುತ್ತದೆ ಎಂದು ಊರವರು ಹೇಳುತ್ತಾರೆ. ಲೆಕ್ಕದ ಪ್ರಕಾರ ಅದು ಸಾಧ್ಯ. ಕರಾವಳಿ ಇಲ್ಲಿಂದ ನೇರ ಗೆರೆಯಲ್ಲಿ ಐವತ್ತು ಚಿಲ್ಲರೆ ಕಿಲೋಮೀಟರ್, ಅಷ್ಟು ಎತ್ತರದಿಂದ ಕಣ್ಣು ಅದರ ಎರಡರಷ್ಟು ದೂರ ಹಾಯಬಲ್ಲದು. ನನಗೆ ಕಂಡದ್ದು ಒಂದು ಬೆಳ್ಳಿಗೆರೆ. ಸಮುದ್ರವೋ ಮಂಜೋ ಎಂದು ಪ್ರಮಾಣ ಮಾಡಿ ಹೇಳಲಾರೆ. ಸೂರ್ಯ ಮಾತ್ರ ಗುಡ್ಡದ ಹಿಂದೆ ಹಠಾತ್ತನೆ ಬೀಳದೆ, ಬಣ್ಣಗೆಟ್ಟು, ಚಪ್ಪಟೆಯಾಗಿ, ದೂರದ ಮಬ್ಬಿನಲ್ಲಿ ಕರಗುವುದನ್ನು ಇಲ್ಲಿ ಕೊನೆಯವರೆಗೆ ನೋಡಬಹುದು.

ಇಲ್ಲಿಗೂ ಒಂದೆರಡು ಆದರೆಗಳಿವೆ. ಇದು ಮೊದಲು ದೇವಸ್ಥಾನ, ಆಮೇಲೆ ವೀಕ್ಷಣಾ ಸ್ಥಳ. 2020ರ ಆಗಸ್ಟ್‌ನಲ್ಲಿ ಪಕ್ಕದ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಕುಟುಂಬವೇ ಮಣ್ಣಿನಡಿ ಸಿಲುಕಿತು. ಅದಾದ ಮೇಲೂ ಸೆಲ್ಫಿಗಾಗಿ ಬೇಲಿ ದಾಟುವವರನ್ನು ಕಂಡಿದ್ದೇನೆ. ಬ್ರಹ್ಮಗಿರಿಯ ಮೆಟ್ಟಿಲೇರಲು ಆ ದಿನ ಬಿಡುತ್ತಾರೆಯೇ ಎಂದು ಅಲ್ಲಿಯವರನ್ನು ಕೇಳಿಕೊಂಡು, ಬಿಡದಿದ್ದರೆ ಕೆಳಗೇ ನಿಲ್ಲಬೇಕು. ಕೆಳಗಿನ ನೋಟಕ್ಕೂ ಕೊರತೆಯಿಲ್ಲ. ಮಡಿಕೇರಿಗೆ ಹಿಂತಿರುಗಲು ಕತ್ತಲಲ್ಲಿ ನಲವತ್ತು ಕಿಲೋಮೀಟರಿಗೂ ಹೆಚ್ಚು ತಿರುವಿನ ರಸ್ತೆ. ಡಾಂಬರು ಇದೆ ಎಂಬುದೇ ಸಮಾಧಾನ. ನವೆಂಬರ್‌ನಿಂದಾಚೆ ಮಂಜು ರಸ್ತೆಯ ಮೇಲೆ ಬಂದು ಕುಳಿತರೆ ಅದೇ ದೂರಕ್ಕೆ ಎರಡು ಗಂಟೆ ಬೇಕಾಗುತ್ತದೆ.

ಚೇಲಾವರ ಜಲಪಾತದಾಚೆಯ ಚೋಮಕುಂದು ಹುಲ್ಲುಬೆಟ್ಟವನ್ನೂ ಇದೇ ಸಾಲಿಗೆ ಸೇರಿಸಬಹುದು. ಅದೂ ಪಡುವಣ ಅಂಚಿನದೇ, ನೋಟವೂ ಅಷ್ಟೇ ಒಳ್ಳೆಯದು. ಆದರೆ ಅದು ಆನೆಗಳ ಓಡಾಟದ ಸೀಮೆ. ಸಂಜೆ ತೋಟದವರೇ ಬೇಗ ಮನೆ ಸೇರುವ ಕಡೆ ನಮಗೇನು ಕೆಲಸ? ನಾಪೋಕ್ಲು, ವಿರಾಜಪೇಟೆಯ ಕಡೆ ಉಳಿದುಕೊಂಡವರಿಗೆ ಸರಿ, ಮಡಿಕೇರಿಯಿಂದ ಹೋಗುವವರಿಗೆ ನಾನು ಹೇಳುವುದಿಲ್ಲ.

ಉಳಿದದ್ದು ಜಾತ್ರೆಯ ರಾಜಾಸೀಟು. ಜಾತ್ರೆ ಎಂಬುದು ನಿಜ. ಡಿಸೆಂಬರ್ ಕೊನೆಯ ವಾರ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಹೂದೋಟ, ಕಾರಂಜಿ, ಚುರುಮುರಿ, ಕಿರುಚಾಟ ಎಲ್ಲ ಇದೆ. ಆದರೆ ಕೊಡಗಿನ ಅರಸರು ಸಂಜೆ ಕಳೆಯಲು ಆರಿಸಿಕೊಂಡ ಜಾಗ ಎಂಬ ಖ್ಯಾತಿ ಅದಕ್ಕೆ ಸುಮ್ಮನೆ ಬಂದದ್ದಲ್ಲ. ನಾಲ್ಕು ಕಂಬಗಳ, ಕಮಾನುಗಳ ಆ ಪುಟ್ಟ ಮಂಟಪ ನಿಂತಿರುವುದು ದಿಣ್ಣೆಯ ತುದಿಯಲ್ಲಿ. ಎದುರಿಗೆ ನೆಲ ಒಮ್ಮೆಲೇ ಇಳಿದುಬಿಡುತ್ತದೆ. ಕೆಳಗೆ ಮಂಗಳೂರಿನ ರಸ್ತೆ ಸಂಪಾಜೆಯತ್ತ ಸುತ್ತಿಕೊಂಡು ಹೋಗುತ್ತದೆ. 2018ರ ಮಳೆಯಲ್ಲಿ ಗುಡ್ಡ ಜರಿದು ಮುಚ್ಚಿದ ರಸ್ತೆ ಅದೇ. ಅದರಾಚೆ ಗುಡ್ಡಗಳಿದ್ದರೂ ಅವು ದೂರ, ದಿಗಂತಕ್ಕೆ ಹತ್ತಿರ. ಹಾಗಾಗಿ ಸೂರ್ಯ ಕೆಂಪಾಗಲು ಬೇಕಾದ ಸಮಯ ಸಿಗುತ್ತದೆ. ಅವನು ಮುಳುಗುವ ಜಾಗ ವರ್ಷದುದ್ದಕ್ಕೂ ಸರಿಯುತ್ತದೆ: ಡಿಸೆಂಬರ್‌ನಲ್ಲಿ ಎಡಕ್ಕೆ, ನೈಋತ್ಯದ ಕಡೆ, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ಆಸುಪಾಸಿನಲ್ಲಿ ಹೆಚ್ಚುಕಡಿಮೆ ತಲಕಾವೇರಿಯ ದಿಕ್ಕಿನಲ್ಲಿ, ಏಪ್ರಿಲ್ ಹೊತ್ತಿಗೆ ಬಲಕ್ಕೆ. ಒಮ್ಮೆ ಬಂದು ಹೋಗುವವರಿಗೆ ಇದು ತಿಳಿಯುವುದಿಲ್ಲ, ಊರಿನಲ್ಲಿದ್ದು ಆಗಾಗ ಹೋಗುವವರಿಗೆ ಅದೇ ಒಂದು ಪಂಚಾಂಗ.

ನನ್ನ ಅಳತೆಗೋಲಿನಲ್ಲಿ ರಾಜಾಸೀಟು ಗೆಲ್ಲುವುದು ಸೂರ್ಯ ಮುಳುಗಿದ ಮೇಲೆ. ಬಿಂಬ ಮರೆಯಾದ ಐದು ನಿಮಿಷಕ್ಕೆ ಮುಕ್ಕಾಲು ಜನ ಕಾರಂಜಿಯ ಕಡೆಗೋ ಹೋಟೆಲಿನ ಕಡೆಗೋ ಹೊರಡುತ್ತಾರೆ. ಮೆಟ್ಟಿಲುಗಳು ಖಾಲಿಯಾಗುತ್ತವೆ. ಯಾವ ಜೀಪೂ ಕಾಯುತ್ತಿರುವುದಿಲ್ಲ, ಯಾರೂ ಗೇಟು ಹಾಕುವ ಅವಸರದಲ್ಲಿಲ್ಲ. ನಿಜವಾದ ಬಣ್ಣ ಬರುವುದು ಆಗ, ಅದೂ ಬಂದರೆ. ಬರದಿದ್ದರೆ ಹಾಳಾದದ್ದು ಪ್ರವೇಶದ ಚಿಲ್ಲರೆ ಕಾಸು ಮಾತ್ರ, ನಾಳೆ ಮತ್ತೆ ಹೋಗಬಹುದು. ಪಕ್ಕದ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮನ ಗುಡಿಗೆ ಕೈಮುಗಿದು ನಡೆದೇ ಮನೆ ಸೇರಬಹುದು. ಜನಸಂದಣಿ ಆಗದವರು ಮಂಗಳವಾರವೋ ಬುಧವಾರವೋ ಹೋಗಲಿ.

ಕಾಲದ ಬಗ್ಗೆಯೂ ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಸೂರ್ಯಾಸ್ತ ಹುಡುಕಬೇಡಿ, ಸೂರ್ಯನೇ ಇರುವುದಿಲ್ಲ. ಎಲ್ಲರೂ ಹೊಗಳುವ ನವೆಂಬರ್–ಡಿಸೆಂಬರ್‌ನಲ್ಲಿ ಗಾಳಿ ತಿಳಿ, ಆದರೆ ಎಷ್ಟೋ ದಿನ ಆಕಾಶವೂ ಬೋಳು. ಬಿಂಬ ಚೆನ್ನಾಗಿ ಕಾಣುತ್ತದೆ, ಆಮೇಲಿನ ಬಣ್ಣ ಕಡಿಮೆ. ನವೆಂಬರ್ ಕೊನೆಗೆ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುವುದರಿಂದ ಐದಕ್ಕೇ ಹೊರಡಬೇಕು. ಫೆಬ್ರುವರಿಯಲ್ಲಿ ಧೂಳು, ಹೊಗೆಯ ಮಬ್ಬು. ನನ್ನ ಆಯ್ಕೆ ಮಾರ್ಚ್–ಏಪ್ರಿಲ್‌ನ ಹೂಮಳೆಯ ಮರುದಿನ. ಕಾಫಿ ಬೆಳೆಗಾರರು ಕಾಯುವ ಆ ಮಳೆ ಗಾಳಿಯಲ್ಲಿದ್ದ ಧೂಳನ್ನು ತೊಳೆದಿರುತ್ತದೆ, ಎತ್ತರದಲ್ಲಿ ಮೋಡದ ಚೂರುಗಳು ಉಳಿದಿರುತ್ತವೆ. ಆ ಸಂಜೆ ಬಿಡುವಿದ್ದು ಗಾಡಿಯೂ ಇದ್ದರೆ ತಲಕಾವೇರಿ, ಇಲ್ಲದಿದ್ದರೆ ರಾಜಾಸೀಟು. ಮಾಂದಲಪಟ್ಟಿಯ ಜೀಪನ್ನು ಮರುದಿನ ಬೆಳಗಿನ ಜಾವಕ್ಕೆ ಹೇಳಿಡಿ. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿ, ಮೇಲೆ ಎಷ್ಟು ಹೊತ್ತು ನಿಲ್ಲುವುದು ಎಂಬುದನ್ನೂ ಸೇರಿಸಿ.