ಹೋಂಸ್ಟೇಯ ಮೆಶ್ ವೈಫೈ: ಮಳೆಗಾಲ, ರಜಾಕಾಲ ಎರಡನ್ನೂ ಕಂಡ ಮೇಲೆ

ಮಡಿಕೇರಿ ಸಮೀಪದ ನಮ್ಮ ಹೋಂಸ್ಟೇಗೆ ಮೂರು ಘಟಕಗಳ ವೈಫೈ 6 ಮೆಶ್ (ಹಲವು ಘಟಕಗಳು ಕೂಡಿ ಒಂದೇ ವೈಫೈ ಜಾಲವಾಗುವ ವ್ಯವಸ್ಥೆ) ಹಾಕಿಸಿ ಕೆಲವು ವರ್ಷವಾಯಿತು. ಸಿಗ್ನಲ್ ವಿಷಯದಲ್ಲಿ ದೂರಿಲ್ಲ. ಕಾಫಿ ತೋಟದ ಅಂಚಿನ ಕಾಟೇಜಿಗೂ ತಲುಪುತ್ತದೆ. ಆದರೆ ಡಬ್ಬದಿಂದ ತೆಗೆದು ಹಾಗೇ ಹಾಕಿದರೆ ದಸರಾ ರಜೆಯ ಜನಕ್ಕೆ ಇದು ಸಾಲದು.

ಕೋಣೆಗಳು ತುಂಬಿದ ರಾತ್ರಿ ಫೋನಿನಲ್ಲಿ ಕಡ್ಡಿಗಳೆಲ್ಲ ಪೂರ್ತಿ ಇರುತ್ತಿದ್ದವು, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತಿತ್ತು. ರೂಟರಿಗೆ ಲ್ಯಾಪ್‌ಟಾಪನ್ನು ಕೇಬಲಿನಲ್ಲಿ ಸಿಕ್ಕಿಸಿದರೆ ಪೂರ್ತಿ ವೇಗ. ಅಂದರೆ ಲೈನ್ ಸರಿಯಿದೆ, ತೊಂದರೆ ಗಾಳಿಯಲ್ಲಿದೆ. ಒಂದೇ ಚಾನೆಲ್ಲಿನಲ್ಲಿರುವ, ಅಂದರೆ ವೈಫೈ ಅಲೆಗಳ ಒಂದೇ ದಾರಿಯನ್ನು ಹಂಚಿಕೊಂಡ ಸಾಧನಗಳು ಸರದಿಯಂತೆ ಕಳಿಸಬೇಕು. ದೂರದ ಕೋಣೆಯ ಹಳೇ ಫೋನು ನಿಧಾನವಾಗಿ ಕಳಿಸುವಷ್ಟು ಹೊತ್ತೂ ಹತ್ತಿರದವರು ಕಾಯುತ್ತಾರೆ.

ವೈಫೈ ಬಳಸುವ ತರಂಗಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸುವ ಚಾನೆಲ್ಲುಗಳು ಮೂರೇ: 1, 6, 11. ಅದೂ ಅಗಲ 20 ಮೆಗಾಹರ್ಟ್ಸ್ ಇದ್ದರೆ. ನಮ್ಮ ಸೆಟ್ 40ರಲ್ಲಿ ಬಂದಿತ್ತು, ಚಾನೆಲ್ 'ಆಟೊ'. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಘಟಕಗಳು ಹೊಸದಾಗಿ ಚಾನೆಲ್ ಹುಡುಕುತ್ತಿದ್ದವು. ಅಡುಗೆಮನೆಯ ಮೈಕ್ರೊವೇವ್, ಅತಿಥಿಗಳ ಬ್ಲೂಟೂತ್ ಸ್ಪೀಕರ್ ಕೂಡ ಇದೇ ತರಂಗಪಟ್ಟಿಯಲ್ಲಿ ಅಡ್ಡಿ ಮಾಡುತ್ತವೆ. ಅಗಲ 20ಕ್ಕೆ ಇಳಿಸಿ, ಒಂದೊಂದು ಘಟಕಕ್ಕೆ ಒಂದೊಂದು ಚಾನೆಲ್ ಕಟ್ಟಿಹಾಕಿ, ಪ್ರಸಾರ ಶಕ್ತಿಯನ್ನೂ ಮಧ್ಯಮಕ್ಕೆ ತಂದೆವು. ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ಶಕ್ತಿ ಹೆಚ್ಚಾದರೆ ಫೋನು ಹತ್ತಿರದ ಘಟಕವನ್ನು ಬಿಟ್ಟು ದೂರದ್ದಕ್ಕೇ ಅಂಟಿಕೊಳ್ಳುತ್ತದೆ. ಈಗ ಫೋನು, ಲ್ಯಾಪ್‌ಟಾಪ್‌ಗಳಿಗೆ 5 ಗಿಗಾಹರ್ಟ್ಸ್ ಪಟ್ಟಿ, ಸ್ಮಾರ್ಟ್ ಪ್ಲಗ್, ಪಂಪ್‌ಸೆಟ್ ನಿಯಂತ್ರಕದಂಥ ಪುಟ್ಟ ಸಾಧನಗಳಿಗೆ 2.4.

ನಿಜವಾದ ಬಿಡುಗಡೆ ಸಿಕ್ಕಿದ್ದು ಸಿಸಿಟಿವಿ, ಟಿವಿಗಳನ್ನು ಕೇಬಲಿಗೆ ಹಾಕಿದ ಮೇಲೆ. ಕ್ಯಾಮೆರಾಗಳು ಹಗಲೂ ರಾತ್ರಿ ಕಳಿಸುತ್ತಲೇ ಇರುತ್ತವೆ. ಘಟಕಗಳ ನಡುವಿನ ಕೊಂಡಿಯೂ ತಂತಿಯದಾದ ಮೇಲೆ ವೈಫೈಯ ಸಮಯವೆಲ್ಲ ಅತಿಥಿಗಳಿಗೇ ಉಳಿಯಿತು. ಒಂದೇ ಎಚ್ಚರ: ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ ಎಳೆಯಬೇಡಿ. ನಮ್ಮ ಕೊಡಗಿನ ಏಪ್ರಿಲ್-ಮೇ ಸಿಡಿಲಿಗೆ ಎರಡೂ ತುದಿಯ ಸಾಧನಗಳು ಸುಟ್ಟುಹೋಗಬಹುದು. ಕಾಟೇಜಿಗೆ ನಾವು ಆಪ್ಟಿಕಲ್ ಫೈಬರನ್ನೇ ಎಳೆದಿದ್ದೇವೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು.

ಸೆಟ್ಟಿನ ದೊಡ್ಡ ಕೊರತೆ ಅದರ ಆ್ಯಪ್. ಯಾವ ಚಾನೆಲ್ ಎಷ್ಟು ತುಂಬಿದೆ ಎಂದು ಅದು ತೋರಿಸುವುದೇ ಇಲ್ಲ. ಅದಕ್ಕಾಗಿ ಫೋನಿನಲ್ಲಿ ಬೇರೆ ವೈಫೈ ಅನಲೈಸರ್ ಇಟ್ಟುಕೊಂಡಿದ್ದೇವೆ. ಇದೊಂದು ಸೇರಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ, ಈಗ ನಾಲ್ಕು.